ಗಿಡದ ಹಳದಿ ಮತ್ತು ರೋಗಾಣು



ಅಡುಗೆಮನೆಯ ಒಂದು ಸಣ್ಣ ಪ್ರಯೋಗದಿಂದ ಮಾತನ್ನು ಆರಂಭಿಸೋಣ. ಚೆನ್ನಾಗಿ ಹಣ್ಣಾದ ಒಂದು ಟೊಮೇಟೊವನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಅದರ ಸಿಪ್ಪೆಯನ್ನು ಸುಲಿಯಿರಿ. ಸಿಪ್ಪೆಗೆ ಅಂಟಿರುವ ತಿರುಳನ್ನು ಮೆಲ್ಲನೆ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೆಂಪು ಹಣ್ಣಿನ ಸಿಪ್ಪೆ ಕೆಂಪಾಗಿರುವುದಿಲ್ಲ. ಹಳದಿ ಬಣ್ಣದ ಗಾಜಿನ ಕಾಗದದಂತೆ ಇರುತ್ತದೆ. ಕೆಂಪು ತಿರುಳಿನದು, ಹಳದಿ ಸಿಪ್ಪೆಯದು. ಈ ಹಳದಿಗೆ ಕಾರಣವಾದ ವಸ್ತುವಿಗೆ ನಾರಿಂಜೆನಿನ್ ಚಾಲ್ಕೋನ್ ಎಂದು ಹೆಸರು. ಹಾಗೆಯೇ ಈರುಳ್ಳಿಯ ಒಣಸಿಪ್ಪೆಯನ್ನು ಕುದಿಸಿದರೆ ನೀರು ಹೊಂಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮುಖ್ಯ ಕಾರಣ ಕ್ವೆರ್ಸೆಟಿನ್ ಎಂಬ ವಸ್ತು. ಇವೆರಡೂ ಒಂದೇ ಮನೆತನಕ್ಕೆ ಸೇರಿದವು. ಆ ಮನೆತನದ ಹೆಸರು ಫ್ಲೇವನಾಯ್ಡ್. ಲ್ಯಾಟಿನ್ ಭಾಷೆಯಲ್ಲಿ 'ಫ್ಲಾವಸ್' ಎಂದರೆ ಹಳದಿ. ಹೆಸರು ಬಂದದ್ದು ಅಲ್ಲಿಂದ.

ಈ ಹಳದಿ ವಸ್ತುಗಳು ರೋಗಾಣುಗಳನ್ನು ತಡೆಯುತ್ತವೆ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು, ಔಷಧದ ಜಾಹೀರಾತುಗಳಲ್ಲಿಯೂ ಕೇಳಿರಬಹುದು. ಮಾತು ಸುಳ್ಳಲ್ಲ. ಆದರೆ ಅದು ಎಲ್ಲಿ ನಿಜ, ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ತಿಳಿಯದೆ ಹೋದರೆ ಮನೆಯ ಮಗುವಿನ ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ನೋಡೋಣ. ಉದಾಹರಣೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳ ಗುಡ್ಡ, ಹೊಲ, ತೋಟಗಳೇ ಸಾಕು.

ಮೊದಲು ಈ ವಸ್ತುವಿನ ಕಟ್ಟಡ ಹೇಗಿದೆ ನೋಡೋಣ. ಫ್ಲೇವನಾಯ್ಡಿನ ಚೌಕಟ್ಟಿನಲ್ಲಿ ಹದಿನೈದು ಇಂಗಾಲದ ಪರಮಾಣುಗಳು ಇರುತ್ತವೆ. ಆರು ಪರಮಾಣುಗಳ ಉಂಗುರ ಒಂದು ಕಡೆ, ಆರರ ಉಂಗುರ ಇನ್ನೊಂದು ಕಡೆ, ನಡುವೆ ಅವೆರಡನ್ನು ಜೋಡಿಸುವ ಮೂರು. ಎತ್ತಿನ ಗಾಡಿಯ ಎರಡು ಚಕ್ರಗಳನ್ನೂ ನಡುವಣ ಅಚ್ಚನ್ನೂ ನೆನೆಯಿರಿ. ಚಕ್ರಗಳ ಸುತ್ತ ಬೇರೆ ಬೇರೆ ಪರಮಾಣು ಗುಂಪುಗಳನ್ನು ಸಿಕ್ಕಿಸಿ ಗಿಡಗಳು ಸಾವಿರಾರು ಬಗೆಯ ಫ್ಲೇವನಾಯ್ಡ್‌ಗಳನ್ನು ಮಾಡಿಕೊಂಡಿವೆ. ಎಲ್ಲವೂ ಹಳದಿಯಲ್ಲ. ನೇರಳೆ ಹಣ್ಣಿನ ನೇರಳೆ ಬಣ್ಣ, ದಾಸವಾಳದ ಕೆಂಪು ಇವೂ ಇದೇ ಮನೆತನದವು. ಬಣ್ಣವೇ ಇಲ್ಲದ ಸದಸ್ಯರೂ ಉಂಟು.

ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1936ರಲ್ಲಿ ಇವುಗಳಿಗೆ 'ವಿಟಮಿನ್ ಪಿ' ಎಂದು ಹೆಸರಿಡಲು ಹೊರಟರು. ಆ ಹೆಸರು ನಿಲ್ಲಲಿಲ್ಲ. ನಮ್ಮ ದೇಶದವರೂ ಈ ವಿದ್ಯೆಯಲ್ಲಿ ಹಿಂದುಳಿದವರಲ್ಲ. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ದೆಹಲಿಯಲ್ಲಿಯೂ ಕೆಲಸ ಮಾಡಿದ ಪ್ರೊಫೆಸರ್ ಟಿ. ಆರ್. ಶೇಷಾದ್ರಿ ತಮ್ಮ ಬಾಳಿನ ಬಹುಭಾಗವನ್ನು ಗಿಡಗಳ ಈ ಬಣ್ಣಗಳ ಅಭ್ಯಾಸಕ್ಕೆ ಮುಡಿಪಾಗಿಟ್ಟರು. ಫ್ಲೇವನಾಯ್ಡ್ ತಯಾರಿಸುವ ಒಂದು ರಾಸಾಯನಿಕ ಕ್ರಿಯೆಗೆ ಕೆ. ವೆಂಕಟರಾಮನ್ ಅವರ ಹೆಸರೇ ಸೇರಿಕೊಂಡಿದೆ.

ಇಷ್ಟು ಶ್ರಮಪಟ್ಟು ಗಿಡ ಇವನ್ನು ಮಾಡಿಕೊಳ್ಳುವುದು ಏಕೆ? ಗಿಡಕ್ಕೆ ಓಡಿಹೋಗುವ ಕಾಲಿಲ್ಲ, ಓಡಿಸುವ ಕೈಯಿಲ್ಲ. ಬಿಸಿಲಿನ ತೀಕ್ಷ್ಣ ಕಿರಣಗಳಾಗಲಿ, ಎಲೆ ಕಡಿಯುವ ಹುಳುವಾಗಲಿ, ಗಾಯದ ದಾರಿಯಿಂದ ನುಗ್ಗುವ ಬ್ಯಾಕ್ಟೀರಿಯವಾಗಲಿ, ನಿಂತಲ್ಲಿಯೇ ಎದುರಿಸಬೇಕು. ಅದಕ್ಕೆ ಇರುವ ಆಯುಧ ರಸಾಯನ. ಆದರೆ ಇಲ್ಲಿ ಒಂದು ಸೋಜಿಗವುಂಟು. ಇವೇ ವಸ್ತುಗಳು ಕೆಲವು ಬ್ಯಾಕ್ಟೀರಿಯಗಳನ್ನು ಬಾ ಎಂದು ಕರೆಯುವ ಕೆಲಸವನ್ನೂ ಮಾಡುತ್ತವೆ. ಅವರೆ, ಹುರುಳಿ, ತೊಗರಿ ಮೊದಲಾದ ದ್ವಿದಳ ಗಿಡಗಳ ಬೇರುಗಳು ಮಣ್ಣಿಗೆ ಫ್ಲೇವನಾಯ್ಡ್‌ಗಳನ್ನು ಸುರಿಸುತ್ತವೆ. ರೈಜೋಬಿಯಮ್ ಎಂಬ ಬ್ಯಾಕ್ಟೀರಿಯ ಆ ಸುಳಿವು ಹಿಡಿದು ಬಂದು, ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಕೊಡುತ್ತದೆ. ಈ ಗುಟ್ಟು 1986ರಲ್ಲಿ ಕುದುರೆಮಸಾಲೆ ಸೊಪ್ಪಿನ ಗಿಡದಲ್ಲಿ ಬಯಲಾಯಿತು. ಶತ್ರುವಿಗೆ ಬೇಲಿ, ನೆಂಟನಿಗೆ ಬಾಗಿಲು, ಎರಡೂ ಒಂದೇ ಮರದಿಂದ. ಆದ್ದರಿಂದ ಫ್ಲೇವನಾಯ್ಡ್ ಎಂದರೆ ಎಲ್ಲ ಬ್ಯಾಕ್ಟೀರಿಯಗಳಿಗೂ ವಿಷ ಎಂದು ಸಾರಾಸಗಟಾಗಿ ಹೇಳುವುದು ತಪ್ಪು. ಯಾವ ಫ್ಲೇವನಾಯ್ಡ್, ಯಾವ ಬ್ಯಾಕ್ಟೀರಿಯ ಎಂದು ಕೇಳಬೇಕು.

ಈಗ ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ಬರೋಣ.

ಕೋಲಾರದ ಅಂತರಗಂಗೆಯ ಬೆಟ್ಟದಂಥ ಕಲ್ಲುಗುಡ್ಡಗಳಲ್ಲಿ ಬಂದರೆ ಗಿಡ ಎದೆಯೆತ್ತರ ಬೆಳೆಯುತ್ತದೆ. ಅದರ ಎಲೆಯನ್ನು ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ವಾರ್ನಿಷು ಬಳಿದಂತೆ ಹೊಳೆಯುತ್ತದೆ. ಆ ಅಂಟಿನಲ್ಲಿ ಫ್ಲೇವನಾಯ್ಡ್‌ಗಳು ಧಾರಾಳವಾಗಿವೆ. ಹಳ್ಳಿಗಳಲ್ಲಿ ಉಳುಕಿಗೆ, ಊತಕ್ಕೆ ಈ ಸೊಪ್ಪನ್ನು ಬಿಸಿ ಮಾಡಿ ಕಟ್ಟುವ ರೂಢಿ ಹಳೆಯದು. ಪ್ರಯೋಗಶಾಲೆಗಳಲ್ಲಿ ಇದರ ಸಾರವು ಕುರು, ಕೀವುಗಳಿಗೆ ಕಾರಣವಾಗುವ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯವನ್ನು ತಡೆದಿರುವುದುಂಟು.

ಮುಳಬಾಗಿಲಿನ ಕಡೆಗೆ ಹೋದರೆ ಬೀಳುನೆಲದಲ್ಲೆಲ್ಲ ಚಿನ್ನದ ಬಣ್ಣದ ಹೂ ಬಿಡುವ ತಂಗಡಿ. ಅಲ್ಲಿಯ ತೆಲುಗು ಮಾತಿನ ಮನೆಗಳಲ್ಲಿ ತಂಗೇಡು. ಈ ಗಿಡದ ತೊಗಟೆ ಚರ್ಮ ಹದ ಮಾಡುವ ಕಸುಬಿಗೆ ದಕ್ಷಿಣ ಭಾರತದಲ್ಲಿ ಹೆಸರಾಗಿತ್ತು. ಹಸಿ ಚರ್ಮವನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಗಳು ಅದನ್ನು ಕೊಳೆಸಿಬಿಡುತ್ತವೆ. ತಂಗಡಿ ತೊಗಟೆಯ ನೀರಿನಲ್ಲಿ ನೆನೆದ ಚರ್ಮ ವರ್ಷಗಟ್ಟಲೆ ಬಾಳುತ್ತದೆ. ಈ ತೊಗಟೆಯ ಒಗರು ಫ್ಲೇವನಾಯ್ಡ್ ಘಟಕಗಳು ಒಂದಕ್ಕೊಂದು ಸರಪಳಿಯಾಗಿ ಸೇರಿದ ಟ್ಯಾನಿನ್. ಅದು ಚರ್ಮದ ಸಸಾರಜನಕಕ್ಕೆ ಬಿಗಿಯಾಗಿ ಅಂಟಿಕೊಂಡು, ಬ್ಯಾಕ್ಟೀರಿಯಕ್ಕೆ ತಿನ್ನಲು ಬಾರದಂತೆ ಮಾಡುತ್ತದೆ.

ಮಾಲೂರಿನ ಹೊಲಗಳ ಬದುಗಳಲ್ಲಿ ಹೊಂಗೆಮರ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ. ಇದು ನಮ್ಮ ರೈತರ ಹಳೆಯ ಪಾಠ. ಹೊಂಗೆಬೀಜದಲ್ಲಿ ಕರಂಜಿನ್ ಎಂಬ ಫ್ಲೇವನಾಯ್ಡ್ ಇದೆ. ಯೂರಿಯ ಹಾಕಿದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ಅಮೋನಿಯವನ್ನು ಬೇಗ ಬೇಗ ನೈಟ್ರೇಟಾಗಿ ಬದಲಾಯಿಸುತ್ತವೆ. ನೈಟ್ರೇಟು ಮಳೆನೀರಿನೊಡನೆ ಬೇರಿಗೆ ದಕ್ಕದಂತೆ ಕೆಳಕ್ಕೆ ಇಳಿದುಹೋಗುತ್ತದೆ. ಕರಂಜಿನ್ ಆ ಬ್ಯಾಕ್ಟೀರಿಯಗಳ ಕೆಲಸವನ್ನು ನಿಧಾನಗೊಳಿಸುತ್ತದೆಂದು ನಮ್ಮ ದೇಶದ ಕೃಷಿವಿಜ್ಞಾನಿಗಳು 1970ರ ದಶಕದಲ್ಲಿಯೇ ತೋರಿಸಿದರು. ಹಿಂಡಿ ಬೆರೆಸಿದ ಹೊಲದಲ್ಲಿ ಗೊಬ್ಬರ ಹೆಚ್ಚು ದಿನ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇನ್ನು ಶ್ರೀನಿವಾಸಪುರ. ಅಲ್ಲಿಯ ಮಾವಿನ ತೋಪುಗಳ ಬಗೆಗೆ ಹೇಳಬೇಕಾದ್ದೇನೂ ಇಲ್ಲ. ತೋತಾಪುರಿ, ರಸಪುರಿ, ಬಾದಾಮಿಗಳ ರುಚಿ ನಿಮಗೆಲ್ಲ ಗೊತ್ತು. ಮಾವಿನ ಎಲೆಯಲ್ಲಿ ಕ್ವೆರ್ಸೆಟಿನ್ನಿನ ಬಗೆಗಳಿವೆ. ಅದರಲ್ಲಿ ಹೇರಳವಾಗಿರುವ ಹಳದಿ ವಸ್ತು ಮಾತ್ರ ಮ್ಯಾಂಜಿಫೆರಿನ್. ಅದು ಫ್ಲೇವನಾಯ್ಡಲ್ಲ, ಅದರ ದಾಯಾದಿ ಎನ್ನಬಹುದಾದ ಕ್ಸಾಂಥೋನ್ ಕುಲದ್ದು. ಎಳೆಯ ಮಾವಿನೆಲೆಯನ್ನು ಮಡಿಸಿ ಹಲ್ಲುಜ್ಜುವ ಅಜ್ಜ ಅಜ್ಜಿಯರನ್ನು ನೀವು ಕಂಡಿರಬಹುದು. ಈ ಜಿಲ್ಲೆಯ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯ ಬೇರಿನ ತೊಗಟೆಯಲ್ಲಿಯೂ ಕುವಾನಾನ್ ಎಂಬ ಫ್ಲೇವನಾಯ್ಡ್‌ಗಳು ಇವೆ. ಹಲ್ಲಿನ ಹುಳುಕಿಗೆ ಕಾರಣವಾದ ಬ್ಯಾಕ್ಟೀರಿಯವನ್ನು ಅವುಗಳಲ್ಲಿ ಒಂದು ಚೆನ್ನಾಗಿ ತಡೆಯುತ್ತದೆಂದು ಕೊರಿಯ ದೇಶದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು.

ಈ ಉದಾಹರಣೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಿ. ಚರ್ಮ, ಮಣ್ಣು, ಹಲ್ಲು, ಮೈಯ ಮೇಲಣ ಊತ, ಎಲ್ಲವೂ ವಸ್ತುವನ್ನು ಬೇಕಾದ ಜಾಗಕ್ಕೇ ನೇರವಾಗಿ ತಾಗಿಸುವ ಉಪಾಯಗಳು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಿಡದ ಸಾರ ಬ್ಯಾಕ್ಟೀರಿಯವನ್ನು ತಡೆಯುತ್ತದೆಂದು ವಿಜ್ಞಾನಿ ಕಂಡುಕೊಳ್ಳುವುದು ಹೇಗೆ? ಅಗಲವಾದ ಗಾಜಿನ ಬಟ್ಟಲಿನಲ್ಲಿ ಅಗರ್ ಎಂಬ ಲೋಳೆಯನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯವನ್ನು ಸವರುತ್ತಾರೆ. ಸಾರದಲ್ಲಿ ನೆನೆಸಿದ ಕಾಗದದ ಸಣ್ಣ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಒಂದು ರಾತ್ರಿ ಕಳೆದ ಮೇಲೆ ಬಟ್ಟಲಿನ ತುಂಬ ಬ್ಯಾಕ್ಟೀರಿಯ ಮಬ್ಬಾಗಿ ಬೆಳೆದಿರುತ್ತದೆ. ಬಿಲ್ಲೆಯ ಸುತ್ತ ಮಾತ್ರ, ಚಂದ್ರನ ಸುತ್ತಣ ಕೊಡೆಯಂತೆ, ತಿಳಿಯಾದ ಒಂದು ವೃತ್ತ ಉಳಿದಿದ್ದರೆ ಸಾರದಲ್ಲಿ ಶಕ್ತಿಯಿದೆ ಎಂದು ಅರ್ಥ. ಆಮೇಲೆ ಸಾರವನ್ನು ಹಂತಹಂತವಾಗಿ ತೆಳುಮಾಡುತ್ತ, ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ಗೊತ್ತುಮಾಡುತ್ತಾರೆ. ಈ ಕನಿಷ್ಠ ಪ್ರಮಾಣವೇ ನಿಜವಾದ ಅಳತೆಗೋಲು.

ತಡೆಯುವ ಬಗೆಗಳಲ್ಲಿ ಮುಖ್ಯವಾದವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಪೊರೆಗೆ ಪೆಟ್ಟು. ಬ್ಯಾಕ್ಟೀರಿಯದ ಜೀವಕೋಶದ ಸುತ್ತ ಕೊಬ್ಬಿನ ಅಣುಗಳ ತೆಳು ಪೊರೆಯಿದೆ. ಕೆರೆಗೆ ಕಟ್ಟೆ ಹೇಗೋ ಕೋಶಕ್ಕೆ ಅದು ಹಾಗೆ. ಕೆಲವು ಫ್ಲೇವನಾಯ್ಡ್‌ಗಳಿಗೆ ಎಣ್ಣೆಯ ಗುಣದ ಬಾಲವಿರುತ್ತದೆ. ಹಿಪ್ಪುನೇರಳೆಯ ಕುವಾನಾನ್ ಅಂಥದು. ಈ ಬಾಲ ಪೊರೆಯ ಕೊಬ್ಬಿನಲ್ಲಿ ಸುಲಭವಾಗಿ ಹೊಗುತ್ತದೆ. ಪೊರೆಯ ಹದ ಕೆಡುತ್ತದೆ, ಒಳಗಿನ ಲವಣಗಳು ಸೋರುತ್ತವೆ. ಕಟ್ಟೆ ಒಡೆದ ಮೇಲೆ ಕೆರೆಯ ಗತಿಯೇನೋ ಕೋಶದ ಗತಿಯೂ ಅದೇ. ಚಹಾದ ಕ್ಯಾಟೆಚಿನ್‌ಗಳೂ ಪೊರೆಯನ್ನು ಕೆಡಿಸುತ್ತವೆಂದು ಜಪಾನಿನಲ್ಲಿ 1993ರಲ್ಲಿಯೇ ಕಂಡುಬಂದಿತು.

ಎರಡನೆಯದು ನೂಲಿನ ಹುರಿಗೆ ಅಡ್ಡಿ. ಕರುಳಿನಲ್ಲಿ ವಾಸಿಸುವ ಈ. ಕೋಲೈ ಬ್ಯಾಕ್ಟೀರಿಯದ ಉದ್ದ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗ. ಅದರೊಳಗಿನ ಡಿಎನ್‌ಎ ನೂಲನ್ನು ಬಿಡಿಸಿ ಅಳೆದರೆ ಸುಮಾರು ಒಂದೂವರೆ ಮಿಲಿಮೀಟರು! ಅಷ್ಟುದ್ದದ ನೂಲು ಸಿಕ್ಕಾಗದಂತೆ ಹುರಿಹಾಕಿ ಸುತ್ತಿಡುವ, ಬೇಕಾದಾಗ ಬಿಚ್ಚಿಕೊಡುವ ಕೆಲಸವನ್ನು ಗೈರೇಸ್ ಎಂಬ ಕಿಣ್ವ ಮಾಡುತ್ತದೆ. ಕ್ವೆರ್ಸೆಟಿನ್ ಈ ಕಿಣ್ವಕ್ಕೆ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆಂದು 2003ರಲ್ಲಿ ಸ್ಲೊವೇನಿಯದ ವಿಜ್ಞಾನಿಗಳು ತೋರಿಸಿದರು. ನೂಲು ಬಿಚ್ಚದಿದ್ದರೆ ಕೋಶ ಎರಡಾಗದು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಕೂಡ ಇದೇ ಕಿಣ್ವದ ಮೇಲೆ ಕೈಮಾಡುತ್ತದೆ.

ಮೂರನೆಯದು ಉಸಿರಿಗೆ ತಡೆ. ಅತಿಮಧುರದ ಕುಲಕ್ಕೆ ಸೇರಿದ ಒಂದು ಗಿಡದ ಬೇರಿನಲ್ಲಿ ಲಿಕೊಚಾಲ್ಕೋನ್ ಎಂಬ ವಸ್ತುವಿದೆ. ಅದು ಬ್ಯಾಕ್ಟೀರಿಯ ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವ ಸರಪಳಿಯ ಒಂದು ಕೊಂಡಿಯನ್ನು ನಿಲ್ಲಿಸುತ್ತದೆ. ಒಲೆ ಆರಿದ ಮನೆಯಲ್ಲಿ ಅಡುಗೆ ಹೇಗೆ?

ಇವೆಲ್ಲದರ ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಗಾಲಾಂಜಿನ್ ಎಂಬ ಫ್ಲೇವನಾಯ್ಡನ್ನು ಸ್ಟಫಿಲೊಕಾಕಸ್ ಮೇಲೆ ಪ್ರಯೋಗಿಸಿದಾಗ ಕೋಶಗಳು ಗುಂಪುಗುಂಪಾಗಿ ಅಂಟಿಕೊಂಡವೆಂದು 2007ರಲ್ಲಿ ವರದಿಯಾಯಿತು. ಅಂಟಿಕೊಂಡ ನೂರು ಕೋಶಗಳು ಎಣಿಕೆಯಲ್ಲಿ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಎಣಿಸುವವನು ತೊಂಬತ್ತೊಂಬತ್ತು ಸತ್ತವು ಎಂದು ತಿಳಿದರೆ ಅದು ಅವನ ಭ್ರಮೆ. ಆದ್ದರಿಂದ ಬಟ್ಟಲಿನ ಫಲವನ್ನು ಓದುವುದಕ್ಕೂ ವಿವೇಕ ಬೇಕು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಶಕ್ತಿಯಿರುವುದಾದರೆ ಆಸ್ಪತ್ರೆಯ ಗುಳಿಗೆಯೇಕೆ, ಬೆಟ್ಟದ ಸೊಪ್ಪು ಸಾಲದೆ?

ಸಾಲದು. ಕಾರಣ ಕೇಳಿ. ಅನೇಕ ಪರೀಕ್ಷೆಗಳಲ್ಲಿ ಬ್ಯಾಕ್ಟೀರಿಯವನ್ನು ತಡೆಯಲು ಒಂದು ಮಿಲಿಲೀಟರಿಗೆ ನೂರಾರು ಮೈಕ್ರೋಗ್ರಾಂ ಕ್ವೆರ್ಸೆಟಿನ್ ಬೇಕಾಗಿದೆ. ನಾವು ಈರುಳ್ಳಿಯನ್ನು ಹೊಟ್ಟೆತುಂಬ ತಿಂದರೂ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಕಾಣಿಸಿಕೊಂಡರೆ ಹೆಚ್ಚು. ಅದೂ ಮೂಲರೂಪದಲ್ಲಿ ಅಲ್ಲ. ಕರುಳೂ ಯಕೃತ್ತೂ ಅದಕ್ಕೆ ಬೇರೆ ಗುಂಪುಗಳನ್ನು ಅಂಟಿಸಿ, ಮೂತ್ರದಲ್ಲಿ ಹೊರಹೋಗಲು ಅನುಕೂಲವಾಗುವಂತೆ ಬದಲಾಯಿಸಿಬಿಟ್ಟಿರುತ್ತವೆ. ಉಳಿದದ್ದು ರಕ್ತದ ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ಹೀಗಾಗಿ ಬಟ್ಟಲಿನಲ್ಲಿ ಗೆದ್ದ ವಸ್ತು ಮೈಯೊಳಗೆ ರೋಗಾಣುವಿನ ಬಳಿಗೆ ತಲಪುವುದೇ ಇಲ್ಲ. ನಾನು ಮೇಲೆ ಹೇಳಿದ ಮಾತಿನ ಅರ್ಥ ಈಗ ಸ್ಪಷ್ಟವಾಗುತ್ತದೆ. ನೇರವಾಗಿ ತಾಗಿಸಿದಲ್ಲಿ ನಡೆಯುವ ಕೆಲಸ, ನುಂಗಿದಾಗ ನಡೆಯುತ್ತದೆ ಎಂದು ಭಾವಿಸುವಂತಿಲ್ಲ.

ಇನ್ನೊಂದು ತೊಡಕು ಬ್ಯಾಕ್ಟೀರಿಯದ ಜಾತಿಯದು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬಣ್ಣ ಹಾಕಿ ಬ್ಯಾಕ್ಟೀರಿಯಗಳನ್ನು ಎರಡು ಪಂಗಡಗಳಾಗಿ ಬೇರ್ಪಡಿಸುವ ವಿಧಾನ ಕಂಡುಹಿಡಿದರು. ಬಣ್ಣ ಹಿಡಿಯುವ ಪಂಗಡದ ಮೇಲೆ ಫ್ಲೇವನಾಯ್ಡ್‌ಗಳ ಆಟ ಸಾಮಾನ್ಯವಾಗಿ ನಡೆಯುತ್ತದೆ. ಹಿಡಿಯದ ಪಂಗಡಕ್ಕೆ ಹೊರಗೆ ಇನ್ನೊಂದು ಪೊರೆಯ ಕೋಟೆಯಿದೆ. ಅಲ್ಲಿ ಅವು ಬಹುಮಟ್ಟಿಗೆ ಸೋಲುತ್ತವೆ. ವಿಷಮಶೀತಜ್ವರದ ಬ್ಯಾಕ್ಟೀರಿಯ ಈ ಎರಡನೆಯ ಪಂಗಡದ್ದು. ಸೊಪ್ಪಿನ ಕಷಾಯವನ್ನು ನಂಬಿ ಆ ಜ್ವರಕ್ಕೆ ವೈದ್ಯರ ಬಳಿ ಹೋಗದೆ ಒಂದು ವಾರ ಕಳೆದರೆ ಕರುಳು ತೂತುಬೀಳುವ ಅಪಾಯವುಂಟು. ಹಾಗೆಯೇ ತೆರೆದ ಗಾಯದ ಮೇಲೆ ಹಸಿಸೊಪ್ಪು ಅರೆದು ಕಟ್ಟುವುದು ಬೇಡ. ಸೊಪ್ಪಿಗೆ ಅಂಟಿದ ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯ ಇರಬಹುದು. ಗಾಯವನ್ನು ಶುದ್ಧವಾದ ನೀರು, ಸೋಪುಗಳಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗೆಗೆ ವೈದ್ಯರನ್ನು ಕೇಳಿ.

ಹಾಗಾದರೆ ಈ ಅಭ್ಯಾಸವೆಲ್ಲ ವ್ಯರ್ಥವೆ? ಖಂಡಿತ ಅಲ್ಲ. ಬ್ಯಾಕ್ಟೀರಿಯಗಳು ಆಂಟಿಬಯಾಟಿಕ್‌ಗಳಿಗೆ ಬಗ್ಗದಂತಾಗುತ್ತಿರುವುದು ಇಂದಿನ ದೊಡ್ಡ ಚಿಂತೆ. ಅವು ಬಗ್ಗದಿರಲು ಒಂದು ಕಾರಣ, ಒಳಗೆ ಬಂದ ಔಷಧವನ್ನು ಏತ ಹಾಕಿ ನೀರೆತ್ತಿದಂತೆ ಹೊರಕ್ಕೆ ಸುರಿದುಬಿಡುವುದು. ಈ ಏತವನ್ನು ನಿಲ್ಲಿಸುವ ವಸ್ತು ಸಿಕ್ಕಿದರೆ ಹಳೆಯ ಔಷಧಕ್ಕೆ ಮತ್ತೆ ಬಲ ಬರುತ್ತದೆ. 1973ರಲ್ಲಿ ಪ್ರೊಫೆಸರ್ ಶೇಷಾದ್ರಿಯವರೂ ಅವರ ಸಹೋದ್ಯೋಗಿಯೂ ಪಶ್ಚಿಮ ಘಟ್ಟಗಳ ಗರುಡಫಲದ ಮರದಿಂದ ಫ್ಲೇವನಾಯ್ಡ್ ಬೆರೆತ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ್ದರು. ಕುಷ್ಠರೋಗಕ್ಕೆ ಹಿಂದೆ ಎಣ್ಣೆ ಒದಗಿಸುತ್ತಿದ್ದ ಮರ ಅದು. ಅದೇ ವಸ್ತುವಿನ ಹತ್ತಿರದ ಬಂಧು ಅಮೆರಿಕದ ದಾರುಹರಿದ್ರ ಕುಲದ ಗಿಡದಲ್ಲಿಯೂ ಇದೆಯೆಂದು 2000ರಲ್ಲಿ ತಿಳಿದುಬಂದಿತು. ಆ ಗಿಡದ ಬೆರ್ಬೆರಿನ್ ಒಂದೇ ಬಂದರೆ ಸ್ಟಫಿಲೊಕಾಕಸ್ ಅದನ್ನು ಹೊರಕ್ಕೆ ಎತ್ತಿಹಾಕುತ್ತದೆ. ಈ ಬಂಧು ಜೊತೆಗಿದ್ದರೆ ಏತ ನಿಲ್ಲುತ್ತದೆ, ಬೆರ್ಬೆರಿನ್ ಒಳಗೇ ಉಳಿದು ಕೆಲಸ ಮಾಡುತ್ತದೆ. ತಾನೇ ಕೊಲ್ಲದಿದ್ದರೂ ಕೊಲ್ಲುವವನಿಗೆ ದಾರಿ ಬಿಡಿಸಿಕೊಡುವ ಈ ಪಾತ್ರದಲ್ಲಿಯೇ ಫ್ಲೇವನಾಯ್ಡ್‌ಗಳ ಭವಿಷ್ಯವಿದೆಯೆಂದು ಅನೇಕ ವಿಜ್ಞಾನಿಗಳ ಆಸೆ. ಆದರೆ ಅದು ಆಸೆಯ ಹಂತದಲ್ಲಿದೆ. ಬ್ಯಾಕ್ಟೀರಿಯ ರೋಗಕ್ಕೆ ವೈದ್ಯರು ಬರೆದುಕೊಡುವ ಫ್ಲೇವನಾಯ್ಡ್ ಗುಳಿಗೆಯಾಗಿ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಕೈಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಗಳ ಪಟ್ಟಿಯ ಬೆನ್ನ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಆ ಗೆರೆಯನ್ನು ಗುರುತಿಸಿರೆಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಆರಂಭಿಸಿತು. ಪಕ್ಕದ ಮನೆಯವರಿಗೆ ಕೊಟ್ಟ ಗುಳಿಗೆಯನ್ನು ನಿಮ್ಮ ಮಗುವಿಗೆ ಕೊಡಬೇಡಿ. ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ಅರ್ಧಕ್ಕೆ ನಿಲ್ಲಿಸಲೂ ಬೇಡಿ.

ಹೊಲದ ಮಾತೂ ಇದೇ. ಕೋಲಾರದ ಟೊಮೇಟೊ ಮಾರುಕಟ್ಟೆ ದೇಶಕ್ಕೆಲ್ಲ ಹೆಸರಾದದ್ದು. ಟೊಮೇಟೊಗೆ ದುಂಡಾಣು ಸೊರಗು ರೋಗ ಬಂದರೆ ಹಸುರಾಗಿದ್ದ ಗಿಡ ನೋಡನೋಡುತ್ತ ಬಾಡುತ್ತದೆ. ಅದರ ಕಾಂಡವನ್ನು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುವುದು ಕಾಣುತ್ತದೆ, ಅದೇ ಬ್ಯಾಕ್ಟೀರಿಯ. ಇಂಥ ರೋಗಗಳಿಗೆ ಸ್ಟ್ರೆಪ್ಟೊಮೈಸಿನ್, ಟೆಟ್ರಸೈಕ್ಲಿನ್ ಬೆರೆಸಿದ ಪುಡಿಯನ್ನು ಸಿಂಪಡಿಸುವ ಅಭ್ಯಾಸ ನಮ್ಮ ದೇಶದಲ್ಲಿ ಬೆಳೆಯಿತು. ಮನುಷ್ಯರಿಗೆ ಬೇಕಾದ ಔಷಧಗಳು ಹೊಲದಲ್ಲಿ ಹೀಗೆ ಚೆಲ್ಲಿಹೋಗಬಾರದೆಂದು ಇವುಗಳ ಕೃಷಿ ಬಳಕೆಯನ್ನು ನಿಲ್ಲಿಸುವ ಆದೇಶದ ಕರಡನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಸೊರಗು ರೋಗಕ್ಕೆ ಬೇರೆ ದಾರಿಗಳು ಉಂಟು: ರಾಗಿಯಂಥ ಬೆಳೆಯೊಡನೆ ಹೊಲವನ್ನು ಬದಲಾಯಿಸುವುದು, ರೋಗ ತಾಳುವ ಬದನೆಯ ಬೇರಿನ ಮೇಲೆ ಟೊಮೇಟೊ ಕಸಿ ಮಾಡುವುದು, ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದು.

ಕಡೆಯದಾಗಿ ಒಂದು ಮಾತು. ಬಂದರೆ, ತಂಗಡಿಗಳು ಬೆಳೆಯುವ ಗುಡ್ಡ ಬೀಳುಗಳನ್ನು ನಾವು ಪಾಳುನೆಲವೆಂದು ಕರೆಯುತ್ತೇವೆ. ಈ ಜಿಲ್ಲೆಯಲ್ಲಿ ಅಂಥ ನೆಲದ ಎಷ್ಟೋ ಭಾಗ ನೀಲಗಿರಿ ತೋಪುಗಳಾಗಿ ಹೋಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಲ್ಲಿನ ಕ್ವಾರಿಗಳಿಗೂ ಕೆಲವು ಗುಡ್ಡಗಳು ಸಂದಿವೆ. ಮುಂದೆ ಯಾವ ಗಿಡದ ಯಾವ ವಸ್ತು ಯಾವ ಔಷಧಕ್ಕೆ ನೆರವಾದೀತೆಂದು ಇಂದೇ ಹೇಳಲಾಗದು. ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ಭಾನುವಾರ ಅವರನ್ನು ಹತ್ತಿರದ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಬಂದರೆ ಯಾವುದು, ತಂಗಡಿ ಯಾವುದು, ಹೊಂಗೆ ಯಾವುದು ಎಂದು ಗುರುತು ಹೇಳಿಕೊಡಿ. ನಿಮಗೇ ಗೊತ್ತಿಲ್ಲದಿದ್ದರೆ ದನ ಕಾಯುವ ಹಿರಿಯರನ್ನು ಕೇಳಿ. ಅವರು ಸಂತೋಷದಿಂದ ತೋರಿಸುತ್ತಾರೆ.